ರಜೆ ಎಸೆಯುವ ಕೈಗೆ, ಮೈಗೆ ಅಲ್ಲ

(ವಿಜಯಪುರದಲ್ಲಿ ದೈಹಿಕ ಶಿಕ್ಷಕರು, ಪಾಲಕರು ಮತ್ತು ಒಂದಿಷ್ಟು ಆಟಗಾರರ ಎದುರು ಆಡಿದ ಮಾತುಗಳ ಬರಹ ರೂಪ. ಒಂದೇ ಮಾತು ಎರಡು ಸಲ ಬಂದಲ್ಲಿ ತೆಗೆದಿದ್ದೇನೆ. ಸಿಟ್ಟಿನಲ್ಲಿ ಬಂದ ಒಂದೆರಡು ಮಾತನ್ನೂ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಬಗ್ಗೆ ಮಾತಾಡಲು ಹೋಗ್ತಿದ್ದೇನೆ ಅಂದಾಗ ನಮ್ಮ ಮನೆಯಲ್ಲಿ ನಕ್ಕರು. ಸೈಕಲ್ ತುಳಿಯೋರ ಊರಿನಲ್ಲಿ ಬೇಸ್‌ಬಾಲ್ ಮಾತು ಕೇಳೋರು ಯಾರು ಅಂತ. ಆದರೆ ಇಲ್ಲಿ ಕೂತಿರುವ ದೈಹಿಕ ಶಿಕ್ಷಕರಿಗೆ ಗೊತ್ತು, ಶಾಲಾ ಕ್ರೀಡೆಗಳ ಪಟ್ಟಿಯಲ್ಲಿ ಬೇಸ್‌ಬಾಲ್ ಇದೆ, ಸಾಫ್ಟ್‌ಬಾಲ್ ಇದೆ. ತಂಡಗಳು ಕಡಿಮೆ. ಕ್ರಿಕೆಟ್‌ನಲ್ಲಿ ತಾಲೂಕು ದಾಟೋದೇ ಕಷ್ಟ, ಇಲ್ಲಿ ಒಬ್ಬ ಜೋರಾಗಿ ಎಸೆಯುವ ಹುಡುಗ ಸಿಕ್ಕರೆ ರಾಜ್ಯಮಟ್ಟ ಕಣ್ಣಿಗೆ ಕಾಣುತ್ತದೆ. ಆ ಆಸೆಗೆ ಬಿದ್ದವನು ನಾನು. ಅಲ್ಲಿಂದಲೇ ಶುರು ಮಾಡುತ್ತೇನೆ.

ಸುಮಾರು 15 ವರ್ಷದ ಹಿಂದಿನ ಮಾತು. ನಾನು ಇದೇ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ್. ಒಂಬತ್ತನೇ ಇಯತ್ತೆಯಲ್ಲಿ ಒಬ್ಬ ಹುಡುಗ ಇದ್ದ, 14 ವರ್ಷ. ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತಾ ಕವಣೆ ಬೀಸಿ ಬೆಳೆದ ತೋಳು ಅವನದು. ಅವನನ್ನು ನಾನು ಪಿಚರ್ ಮಾಡಿದೆ. ಪಿಚರ್ ಅಂದರೆ ಸಿನಿಮಾ ಅಲ್ಲ, ದಿಬ್ಬದ ಮೇಲೆ ನಿಂತು 18.44 ಮೀಟರ್ ಆಚೆಯ ಬ್ಯಾಟರ್‌ಗೆ ಚೆಂಡು ಎಸೆಯುವವನು. ಎರಡು ದಿನದ ಕೂಟ, ಮೂರು ಪಂದ್ಯ. ಮೂರರಲ್ಲೂ ಅವನೇ ಎಸೆದ. ಎಷ್ಟು ಎಸೆದ ಅಂತ ನಾನು ಎಣಿಸಲೇ ಇಲ್ಲ. ರನ್ ಮಾತ್ರ ಎಣಿಸಿದೆ.

ಎರಡನೇ ದಿನ ಊಟದ ಹೊತ್ತಿಗೆ ಬಂದು, "ಸರ್, ಮೊಣಕೈ ಒಳಗ ಚುಚ್ಚಾಕತ್ತೈತ್ರಿ" ಅಂದ. ನಾನು ಮುಲಾಮು ತಿಕ್ಕಿದೆ. "ಇದೊಂದು ಮ್ಯಾಚ್ ಅಲ್ಲೇನಪಾ" ಅಂದೆ. ಗೆದ್ದೆವು. ಪೇಢಾ ಹಂಚಿದೆವು.

ವಾರ ಬಿಟ್ಟು ಅವನ ತಾಯಿ ಶಾಲೆಗೆ ಬಂದರು. "ಸರ್, ಇಂವಾ ರೊಟ್ಟಿ ಎಡಗೈಲೆ ಮುರಿಯಾಕತ್ತಾನ್ರಿ" ಅಂದರು. ಅಷ್ಟೇ ಅಂದಿದ್ದು. ಹುಡುಗನನ್ನು ಕರೆದು, ಎರಡೂ ಕೈ ಅಂಗೈ ಮೇಲೆ ಮಾಡಿ ಮುಂದೆ ಚಾಚು ಅಂದೆ. ಎಡಗೈ ಕೋಲಿನ ಹಾಗೆ ನೆಟ್ಟಗೆ ಬಂತು. ಬಲಗೈ ಕುಡುಗೋಲಿನ ಹಾಗೆ ಸ್ವಲ್ಪ ಬಾಗಿ ನಿಂತಿತು. ಎಷ್ಟು ಒತ್ತಿದರೂ ನೆಟ್ಟಗಾಗಲಿಲ್ಲ. ಎಕ್ಸ್‌ರೇಯಲ್ಲಿ ಮೊಣಕೈ ಒಳಬದಿಯ ಎಲುಬಿನ ಬೆಳೆಯುವ ತುದಿ ಸ್ವಲ್ಪ ಕಿತ್ತು ಬಂದದ್ದು ಕಂಡಿತು. ಆ ವಯಸ್ಸಿನಲ್ಲಿ ಆ ಜಾಗ ಇನ್ನೂ ಪೂರ್ತಿ ಎಲುಬಾಗಿರುವುದಿಲ್ಲ, ಮೆತ್ತಗಿರುತ್ತದೆ. ದೊಡ್ಡವರಿಗೆ ಲಿಗಮೆಂಟ್, ಅಂದರೆ ಎಲುಬಿಗೆ ಎಲುಬು ಕಟ್ಟುವ ಪಟ್ಟಿ, ಹರಿಯುವ ಕಡೆ ಮಕ್ಕಳಿಗೆ ಈ ತುದಿ ಬಿಟ್ಟುಕೊಳ್ಳುತ್ತದೆ. ಅವನು ಮತ್ತೆ ಆಟಕ್ಕೆ ಬರಲಿಲ್ಲ. ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ. "ಸ್ಟೇರಿಂಗಿಗೆ ಏನೂ ತ್ರಾಸ ಇಲ್ರಿ ಸರ್" ಅಂತ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಹಾಗಾದರೆ ಮೊಣಕೈಯೊಳಗೆ ಆಗುವುದೇನು?

ಬಾರುಕೋಲು ನೋಡಿದ್ದೀರಲ್ಲ. ಹಿಡಿದವನ ಕೈ ಚೂರೇ ಅಲ್ಲಾಡುತ್ತದೆ, ತುದಿ ಛಟ್ ಅನ್ನುತ್ತದೆ. ಎಸೆತವೂ ಹಾಗೇ. ಜೋರು ಹುಟ್ಟುವುದು ಕಾಲಿನಲ್ಲಿ. ಅಲ್ಲಿಂದ ಸೊಂಟ ತಿರುಗುತ್ತದೆ, ಎದೆ ತಿರುಗುತ್ತದೆ, ಭುಜ, ಮೊಣಕೈ, ಕೊನೆಗೆ ಬೆರಳು. ದೊಡ್ಡ ಪಿಚರ್‌ಗಳ ಭುಜ ಎಸೆಯುವ ಆ ಕ್ಷಣದಲ್ಲಿ ಸೆಕೆಂಡಿಗೆ ಸುಮಾರು 7000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಒಂದು ಸೆಕೆಂಡಿನಲ್ಲಿ 19 ಸುತ್ತು ಬರಬೇಕು. ಮನುಷ್ಯನ ಮೈಯಲ್ಲಿ ಇದಕ್ಕಿಂತ ಜೋರಿನ ಚಲನೆ ಸಿಗುವುದು ಕಷ್ಟ.

ಆ ಹೊತ್ತಿಗೆ ಮೊಣಕೈಯ ಒಳಬದಿ ಬಾಯಿ ಬಿಡಲು ನೋಡುತ್ತದೆ. ಅದನ್ನು ಬಿಗಿಯಾಗಿ ಹಿಡಿದಿರುವುದು ಒಂದು ಸಣ್ಣ ಲಿಗಮೆಂಟ್. ಜೋರಾದ ಎಸೆತದ ಭಾರ ಪೂರ್ತಿ ಅದರ ಮೇಲೇ ಬಿದ್ದರೆ ಅದು ತಡೆಯುವುದಿಲ್ಲ. ಆದರೂ ದಿನಾ ಹರಿಯುವುದಿಲ್ಲ ಯಾಕೆ? ಮುಂಗೈ ಸ್ನಾಯುಗಳು ಅರ್ಧ ಭಾರಕ್ಕೆ ಹೆಗಲು ಕೊಡುತ್ತವೆ. ಈಗ ಯೋಚಿಸಿ. ಹುಡುಗ ದಣಿದ. ಸ್ನಾಯು ಕೈ ಬಿಟ್ಟಿತು. ಕಾಲು ಸೋತಿತು, ಸೊಂಟ ತಡವಾಗಿ ತಿರುಗಿತು. ಆದರೆ ಮಾಸ್ತರ್ ಮಾತ್ರ "ಜೋರು, ಜೋರು" ಅಂತ ಕೂಗುತ್ತಿದ್ದಾರೆ. ಆಗ ಬಾಕಿ ಎಲ್ಲ ಆ ಸಣ್ಣ ಲಿಗಮೆಂಟ್ ಹೆಸರಿಗೆ ಬೀಳುತ್ತದೆ.

ಆ ಲಿಗಮೆಂಟ್ ಹರಿದರೆ 1974ರ ತನಕ ಪಿಚರ್‌ನ ಆಟ ಮುಗಿದ ಹಾಗೆ. ಆ ವರ್ಷ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಎಂಬ ಎಡಗೈ ಪಿಚರ್‌ಗೆ ಡಾಕ್ಟರ್ ಫ್ರಾಂಕ್ ಜೋಬ್ ಮುಂಗೈಯಿಂದಲೇ ಒಂದು ನರದಂಥ ಸ್ನಾಯುರಜ್ಜು ತೆಗೆದು ಮೊಣಕೈಗೆ ಕಟ್ಟಿದರು. ಅವನು 1976ರಲ್ಲಿ ಮರಳಿ ಬಂದ. ಆ ಮೇಲೆ 164 ಪಂದ್ಯ ಗೆದ್ದ. ಆಪರೇಷನ್‌ಗೆ ಡಾಕ್ಟರ್ ಹೆಸರಲ್ಲ, ರೋಗಿಯ ಹೆಸರೇ ಅಂಟಿಕೊಂಡಿತು. ಆಮೇಲೆ ಶುರುವಾದದ್ದು ವಿಚಿತ್ರ. ಆಪರೇಷನ್ ಇದೆಯಲ್ಲ, ಹರಿದರೆ ಹರಿಯಲಿ ಅನ್ನುವ ಧೈರ್ಯ. ಹೈಸ್ಕೂಲ್ ಹುಡುಗರೂ ಆ ಮೇಜಿನ ಮೇಲೆ ಮಲಗತೊಡಗಿದರು. ಅದರಿಂದ ಮರಳಲು ಒಂದು ವರ್ಷಕ್ಕಿಂತ ಜಾಸ್ತಿ ಬೇಕು, ಎಲ್ಲರೂ ಮರಳುವುದೂ ಇಲ್ಲ.

ಅಮೆರಿಕದ ಅಲಬಾಮಾದಲ್ಲಿ ಜೇಮ್ಸ್ ಆಂಡ್ರೂಸ್ ಎಂಬ ಶಸ್ತ್ರವೈದ್ಯರು ಮತ್ತು ಅವರ ಜೊತೆಗಾರರು ಇಂಥ ಹುಡುಗರನ್ನು ಕೂರಿಸಿ ಲೆಕ್ಕ ತೆಗೆದರು. 2006ರಲ್ಲಿ ಅದು ಪ್ರಕಟವಾಯಿತು. ಆಪರೇಷನ್ ಆದ 95 ಹುಡುಗರು, ಏನೂ ಆಗದ 45 ಹುಡುಗರು. ವರ್ಷದಲ್ಲಿ 8 ತಿಂಗಳಿಗಿಂತ ಜಾಸ್ತಿ ಪಿಚ್ ಮಾಡಿದವರಿಗೆ ಆಪರೇಷನ್ ಅಪಾಯ 5 ಪಟ್ಟು. ಕೈ ದಣಿದಿದ್ದರೂ ಎಸೆಯುತ್ತಲೇ ಹೋದವರಿಗೆ 36 ಪಟ್ಟು. ಮೂವತ್ತಾರು! ನಾನು ಮುಲಾಮು ತಿಕ್ಕಿದ್ದು ನೆನಪಾಗುತ್ತದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ನನ್ನಂಥ ವ್ಯಾಯಾಮದ ಮಾಸ್ತರುಗಳು ಅದನ್ನು ಸಾಮಾನ್ಯವಾಗಿ ಓದಿ ಹೇಳುವುದಿಲ್ಲ. ವ್ಯಾಯಾಮದ ವಿಷಯದಲ್ಲಿ ಆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ಫರಕು ಕಾಣಲಿಲ್ಲ. ಅಂದರೆ ನೀವು ಎಷ್ಟೇ ಬಸ್ಕಿ ಹೊಡೆಸಿ, ರಬ್ಬರ್ ಎಳೆಸಿ, ಎಸೆತದ ಲೆಕ್ಕ ತಪ್ಪಿದರೆ ಅದು ಕಾಯುವುದಿಲ್ಲ. ಮೊದಲು ಎಣಿಕೆ, ಆಮೇಲೆ ಕಸರತ್ತು.

ಎಣಿಕೆಗೆ ಅಮೆರಿಕದವರು 2014ರಲ್ಲಿ ಪಿಚ್ ಸ್ಮಾರ್ಟ್ ಅಂತ ನಿಯಮ ಮಾಡಿದರು. 11-12ರ ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 85 ಎಸೆತ, 13-14ಕ್ಕೆ 95. ಹದಿನಾಲ್ಕರ ಒಳಗಿನ ಹುಡುಗ ಒಂದೇ ದಿನ 66 ದಾಟಿದರೆ ಆಮೇಲೆ 4 ದಿನ ಪಿಚಿಂಗ್ ಇಲ್ಲ. ನಮ್ಮ ಎರಡು ದಿನದ ಕೂಟಕ್ಕೆ ಇದನ್ನು ಹಚ್ಚಿ ನೋಡಿ. ಮೊದಲ ಪಂದ್ಯದಲ್ಲೇ ಆ ಹುಡುಗನ ಕೂಟ ಮುಗಿಯಬೇಕಿತ್ತು. ಇಬ್ಬರು, ಮೂವರು ಪಿಚರ್ ತಯಾರು ಮಾಡದೆ ತಂಡ ಕಟ್ಟಲೇಬಾರದು. ಜಪಾನ್‌ನವರಿಗೂ ಇದು ತಡವಾಗಿ ಹೊಳೆಯಿತು. ಅಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಅಂದರೆ ಜಾತ್ರೆ, ಕೊಶಿಯೆನ್ ಅನ್ನುತ್ತಾರೆ. 1998ರಲ್ಲಿ ಡೈಸುಕೆ ಮತ್ಸುಜಾಕಾ ಎಂಬ ಹುಡುಗ ಅಲ್ಲಿ ಒಂದೇ ಪಂದ್ಯದಲ್ಲಿ 17 ಇನಿಂಗ್ಸ್ (ಸಾಮಾನ್ಯ ಪಂದ್ಯಕ್ಕೆ 9), 250 ಎಸೆತ ಎಸೆದ. ದೇಶಕ್ಕೆ ದೇಶವೇ ಎದ್ದು ಚಪ್ಪಾಳೆ ತಟ್ಟಿತು. 2011ರಲ್ಲಿ ಅವನ ಮೊಣಕೈಗೂ ಟಾಮಿ ಜಾನ್ ಆಪರೇಷನ್ ಆಯಿತು. ಆ ಒಂದು ಪಂದ್ಯದಿಂದಲೇ ಆಯಿತು ಅಂತ ನಾನು ಹೇಳಲ್ಲ. 2020ರಿಂದ ಅಲ್ಲಿ ಒಬ್ಬ ಹುಡುಗನಿಗೆ ವಾರಕ್ಕೆ 500 ಎಸೆತದ ಮಿತಿ ಬಂದಿದೆ. ನನ್ನ ಲೆಕ್ಕದಲ್ಲಿ ಅದೂ ಜಾಸ್ತಿಯೇ.

ಈಗ ಇವತ್ತಿನ ಮುಖ್ಯ ಮಾತು. ವರ್ಷವಿಡೀ ತಯಾರಿ ಬೇಕು ಅಂದ ಕೂಡಲೇ ನಮ್ಮ ಪಾಲಕರು ಏನು ತಿಳಿಯುತ್ತಾರೆ? ಹನ್ನೆರಡು ತಿಂಗಳೂ ಚೆಂಡು ಎಸೆಯಬೇಕು ಅಂತ. ಶಾಲೆ ತಂಡ, ಆಮೇಲೆ ಕ್ಲಬ್, ಆಮೇಲೆ ಬೇಸಿಗೆ ಶಿಬಿರ. ಇದು ಪೂರ್ತಿ ಉಲ್ಟಾ. ಪಿಚ್ ಸ್ಮಾರ್ಟ್ ಹೇಳುವುದು ಹೀಗೆ: ವರ್ಷಕ್ಕೆ ಕನಿಷ್ಠ 4 ತಿಂಗಳು ಎಸೆಯುವುದೇ ಬೇಡ, ಅದರಲ್ಲಿ 2-3 ತಿಂಗಳು ಒಟ್ಟಿಗೇ ಇರಬೇಕು.

ಹಾಗಂತ ಆ ನಾಲ್ಕು ತಿಂಗಳು ಮಲಗಿರಬೇಕಾ? ಇಲ್ಲಿ ನಮ್ಮ ಹೊಲದ ಮಾತು ಹೇಳುತ್ತೇನೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬೆಳೆಯುವವರು ಮುಂಗಾರಿನಲ್ಲಿ ಏನೂ ಬಿತ್ತದೆ ಹೊಲ ಬಿಡುತ್ತಾರೆ. ಬೆಂಗಳೂರಿನವರು ಬಸ್ಸಿನಿಂದ ನೋಡಿದರೆ ಪಾಪ, ಹೊಲ ಬೀಳು ಬಿದ್ದಿದೆ ಅಂದುಕೊಳ್ಳುತ್ತಾರೆ. ಆದರೆ ಮಳೆ ಬಂದು ನೆಲ ಆರಿದಾಗಲೆಲ್ಲ ಅಲ್ಲಿ ಕುಂಟೆ ಓಡುತ್ತಿರುತ್ತದೆ. ಕಸ ಸಾಯಬೇಕು. ನೀರು ಹರಿದು ಹೋಗದೆ ಒಳಗೆ ಇಳಿಯಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೂರಿಗೆ ಹೂಡಿದ ಮೇಲೆ ಮಳೆ ಕೈ ಕೊಟ್ಟರೂ ಆ ಹಸಿಯ ಮೇಲೇ ಜೋಳ ತೆನೆ ಕಟ್ಟುತ್ತದೆ. ಎಸೆಯದ ನಾಲ್ಕು ತಿಂಗಳು ಅಂದರೆ ಇದೇ. ಬಿತ್ತನೆ ಇಲ್ಲ, ಕುಂಟೆ ಇದೆ.

ಅಮೆರಿಕದ ವೃತ್ತಿ ಆಟಗಾರರಿಗೆ ಫೆಬ್ರವರಿಯಲ್ಲಿ ತಯಾರಿ ಶಿಬಿರ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ 162 ಪಂದ್ಯ. ಅವರ ಕ್ಯಾಲೆಂಡರ್ ನಮಗೆ ಆಗಿಬರಲ್ಲ. ನಮ್ಮದು ಬೇರೆ. ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ತಾಲೂಕು, ಆಮೇಲೆ ಜಿಲ್ಲೆ, ಬೆಳಗಾವಿ ವಿಭಾಗ, ಅದೃಷ್ಟ ಇದ್ದರೆ ರಾಜ್ಯ. ನವೆಂಬರ್ ಹೊತ್ತಿಗೆ ಹೆಚ್ಚಿನ ಮಕ್ಕಳ ಸೀಸನ್ ಮುಗಿದಿರುತ್ತದೆ. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್ ತನಕ ಚೆಂಡು ಪೆಟ್ಟಿಗೆಯೊಳಗೆ. ಪರೀಕ್ಷೆಗೂ ಹೊಂದುತ್ತದೆ, ಮನೆಯಲ್ಲೂ ಜಗಳ ಇಲ್ಲ. ಡಿಸೆಂಬರ್‌ನಲ್ಲಿ ಮೊದಲ ಎರಡು ಮೂರು ವಾರ ಏನಾದರೂ ಬೇರೆ ಆಡಲಿ. ಕೊಕ್ಕೊ, ಫುಟ್‌ಬಾಲ್, ಏನಾದರೂ. ಜನವರಿಯಿಂದ ವಾರಕ್ಕೆ ಮೂರು ದಿನ ಕಸರತ್ತು. ಏಪ್ರಿಲ್‌ನಲ್ಲಿ ಹಗುರವಾಗಿ ಎಸೆತ ಶುರು: 15 ಮೀಟರ್ ದೂರ, 20-25 ಎಸೆತ, ದಿನ ಬಿಟ್ಟು ದಿನ. ಆರೆಂಟು ವಾರದಲ್ಲಿ ಮೊದಲು ದೂರ ಏರಿಸಿ, ಜೋರು ಕೊನೆಗೆ. ದಿಬ್ಬ ಹತ್ತುವುದು ಜೂನ್‌ಗೆ. ನಮ್ಮ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ. ಬೆಳಿಗ್ಗೆ 6ಕ್ಕೆ ಬಂದು 8ರೊಳಗೆ ಮನೆಗೆ.

ಶಿಬಿರ ನಡೆಸುವವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ನಾಲ್ಕು ತಿಂಗಳು ಎಸೆಯದ ಹುಡುಗನಿಗೆ ಮೊದಲನೇ ದಿನವೇ ಎಸೆತದ ಸ್ಪರ್ಧೆ ಇಟ್ಟು, ಯಾರು ದೂರ ಎಸೆಯುತ್ತಾರೋ ಅವರಿಗೆ ಟೀಶರ್ಟ್ ಕೊಡುವುದನ್ನು ದಯವಿಟ್ಟು ನಿಲ್ಲಿಸಿ.

ಇನ್ನು ಕಸರತ್ತು. ಇದಕ್ಕೆ ಜಿಮ್ ಬೇಡ. ಒಂದು ಸೈಕಲ್ ಟ್ಯೂಬ್ ಬೇಕು. ವಿಜಯಪುರದಲ್ಲಿ ಅದಕ್ಕೆ ಬರ ಇಲ್ಲ. ಪಂಕ್ಚರ್ ಅಂಗಡಿಯಲ್ಲಿ ಹಳೇದು ಕೇಳಿದರೆ ಸುಮ್ನೆ ಕೊಡುತ್ತಾರೆ. ವಾಲ್ವ್ ಇರುವ ತುಂಡು ಕತ್ತರಿಸಿ ತೆಗೆಯಿರಿ, ಹಾರಿ ಬಂದು ಕಣ್ಣಿಗೆ ಬಡಿದರೆ ಕಷ್ಟ. ಸೀಳು ಬಿಟ್ಟಿದೆಯಾ ನೋಡಿಕೊಳ್ಳಿ. ಉದ್ದಕ್ಕೆ ಕತ್ತರಿಸಿದರೆ ಸಣ್ಣ ಮಕ್ಕಳಿಗಾಗುವಷ್ಟು ಮೆತ್ತಗಾಗುತ್ತದೆ. ಬೇವಿನ ಗಿಡಕ್ಕೋ ಕಿಟಕಿ ಸರಳಿಗೋ ಸೊಂಟದೆತ್ತರದಲ್ಲಿ ಕಟ್ಟಿ.

ಮೊದಲನೇದು ಭುಜದ ಹಿಂದಿನ ಸಣ್ಣ ಸ್ನಾಯುಗಳಿಗೆ. ಚೆಂಡು ಕೈ ಬಿಟ್ಟ ಮೇಲೆ ಆ 7000 ಡಿಗ್ರಿಯ ತೋಳನ್ನು ನಿಲ್ಲಿಸುವವರು ಇವರೇ. ನಮ್ಮ ಹುಡುಗರು ಎದೆ, ಬೈಸೆಪ್ಸ್ ಮಾತ್ರ ಬೆಳೆಸುತ್ತಾರೆ, ಕನ್ನಡಿಯಲ್ಲಿ ಕಾಣೋದು ಅಷ್ಟೇ ಅಲ್ವಾ. ಲಾರಿಯ ಎಂಜಿನ್‌ಗೆ ಸೈಕಲ್ ಬ್ರೇಕ್ ಹಾಕಿದ ಹಾಗೆ. ಗಿಡಕ್ಕೆ ಪಕ್ಕ ಮಾಡಿ ನಿಲ್ಲಿ, ಟ್ಯೂಬಿನ ತುದಿ ಗಿಡದಿಂದ ಆಚೆ ಬದಿಯ ಕೈಯಲ್ಲಿ. ಮೊಣಕೈ ಮಡಚಿ ಪಕ್ಕೆಗೆ ಅಂಟಿಸಿ, ನಡುವೆ ಒಂದು ಮಡಚಿದ ಟವೆಲ್. ಬಾಗಿಲು ತೆಗೆದ ಹಾಗೆ ಮುಂಗೈಯನ್ನು ಹೊರಗೆ ತನ್ನಿ. ಮೂರು ಎಣಿಸುತ್ತಾ ನಿಧಾನಕ್ಕೆ ವಾಪಸ್. ಬ್ರೇಕ್ ಕಲಿಯುವುದು ಆ ವಾಪಸ್ ಹೋಗುವಾಗಲೇ. ಟವೆಲ್ ಕೆಳಗೆ ಬಿತ್ತೋ, ಮೋಸ ನಡೆದಿದೆ ಅಂತ ಅರ್ಥ. 15 ಸಲ, ಎರಡು ಸುತ್ತು. ಆಮೇಲೆ ಅದೇ ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು, ಬಾವಿಯಿಂದ ನೀರು ಸೇದುವ ಹಾಗೆ ಎದೆಯತ್ತ ಎಳೆಯಿರಿ. ಬೆನ್ನಿನ ರೆಕ್ಕೆ ಎಲುಬು ಎರಡೂ ಹತ್ತಿರ ಬರಬೇಕು.

ಕಾಲಿಗೆ ಗರಡಿ ಮನೆಯ ಬಸ್ಕಿ ಸಾಕು, ಆದರೆ ನಿಧಾನಕ್ಕೆ. ಪೈಲ್ವಾನರ ಹಾಗೆ ಐನೂರು ಹೊಡೆಯುವುದು ಬೇಡ. ಹತ್ತು ಹೊಡೆಯಲಿ, ಹತ್ತೂ ನೆಟ್ಟಗೆ ಇರಲಿ. ಆಮೇಲೆ ಒಂಟಿ ಕಾಲಿನದು, ಯಾಕೆಂದರೆ ಎಸೆಯುವವನು ಕೊನೆಗೆ ಇಳಿಯುವುದು ಒಂಟಿ ಕಾಲಿನ ಮೇಲೆ. ದಂಡ ಹೊಡೆಯುವುದು ಭುಜದ ರೆಕ್ಕೆಗೆ ಒಳ್ಳೆಯದು, ನಮ್ಮ ಹಿರಿಯರು ಸುಮ್ನೆ ಮಾಡಿದ್ದಲ್ಲ ಅದು. ತೊಡೆ ಹಿಂಭಾಗ ಹಿಡಿದುಕೊಳ್ಳುವುದು ಬೇಸ್ ಓಡುವವರ ದೊಡ್ಡ ತ್ರಾಸು. ಬೇಸ್ ಅಂದರೆ ರನ್‌ಗಾಗಿ ಒಂದೊಂದಾಗಿ ಮುಟ್ಟುತ್ತಾ ಓಡಬೇಕಾದ ಗುರುತು. ಒಂದು ಬೇಸ್‌ನಿಂದ ಇನ್ನೊಂದಕ್ಕೆ 27 ಮೀಟರ್ ಚಿಲ್ಲರೆ, ಅರ್ಧ ತಾಸು ಸುಮ್ನೆ ನಿಂತು ಒಮ್ಮೆಲೇ ಓಡಬೇಕು. ಅದಕ್ಕೆ ಮಂಡಿಯೂರಿ ಕೂತು, ಗೆಳೆಯನಿಗೆ ಹಿಮ್ಮಡಿ ಹಿಡಿಯಲು ಹೇಳಿ, ಮೈ ನೆಟ್ಟಗಿಟ್ಟು ನಿಧಾನಕ್ಕೆ ಮುಂದೆ ಬಾಗುವುದು. ಶುರುವಿಗೆ ನಾಲ್ಕೇ ಸಾಕು. ಮರುದಿನ ಮೆಟ್ಟಿಲು ಇಳಿಯುವಾಗ ನನ್ನನ್ನು ಬೈಯುತ್ತೀರಿ.

ಇದರಿಂದ ಉಪಯೋಗ ಇದೆಯಾ ಅಂದರೆ, ಇದೆ. ಜಪಾನಿನ ಯೋಕೊಹಾಮಾದಲ್ಲಿ ಸಣ್ಣ ಮಕ್ಕಳಿಗೆ 9 ಕಸರತ್ತಿನ ಒಂದು ಪಟ್ಟಿ ಮಾಡಿ, ಸುಮಾರು 10 ನಿಮಿಷದಲ್ಲಿ ಮುಗಿಯುವ ಹಾಗೆ, ಆಟಕ್ಕೆ ಮುಂಚೆ ಮಾಡಿಸಿದರು. 2019ರಲ್ಲಿ ಫಲಿತಾಂಶ ಬಂತು. ಭುಜ, ಮೊಣಕೈ ಗಾಯ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ಆ ಪಟ್ಟಿಯಲ್ಲಿ ಸೊಂಟ, ಬೆನ್ನು, ಭುಜದ ರೆಕ್ಕೆ ಎಲ್ಲ ಇತ್ತು, ಬರೀ ಕೈ ಅಲ್ಲ.

ಸೈಕಲ್ ಊರಿನವರಿಗೆ ಇಷ್ಟವಾಗುವ ಒಂದು ಕಥೆ. ನೋಲನ್ ರಯಾನ್ ಎಂಬ ಪಿಚರ್ 27 ಸೀಸನ್ ಆಡಿದ. 1991ರ ಮೇ 1ರಂದು, 44ನೇ ವಯಸ್ಸಿನಲ್ಲಿ, ಎದುರಾಳಿಗೆ ಒಂದೂ ಹಿಟ್ ಕೊಡದೆ, ಅಂದರೆ ಯಾರೂ ಚೆಂಡು ಹೊಡೆದು ಬೇಸ್ ಗಳಿಸಲು ಬಿಡದೆ, ಪಂದ್ಯ ಮುಗಿಸಿದ. ಅಂಥದ್ದು ಅವನಿಗೆ ಏಳನೇ ಸಲ. ಬೇರೆಯವರಾದರೆ ಕುಣಿಯುತ್ತಿದ್ದರು. ಇವನು ಒಳಗೆ ಹೋಗಿ ವ್ಯಾಯಾಮದ ಸೈಕಲ್ ಹತ್ತಿ ತುಳಿಯತೊಡಗಿದ. ಪತ್ರಕರ್ತರು ಸುತ್ತ ನಿಂತು ಪ್ರಶ್ನೆ ಕೇಳಿದರು, ಇವನು ತುಳಿಯುತ್ತಲೇ ಉತ್ತರ ಕೊಟ್ಟ. ಅಂಥವನ ಆಟ ಕೂಡ ಮುಗಿದದ್ದು 1993ರಲ್ಲಿ ಅದೇ ಮೊಣಕೈ ಲಿಗಮೆಂಟ್ ಹರಿದು. 46 ವಯಸ್ಸಾಗಿತ್ತು. ನಮ್ಮ ಹುಡುಗನಿಗೆ 14.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬ ಅಕ್ಕಾವರು, "ನನ್ನ ಮಗಳು ಸಾಫ್ಟ್‌ಬಾಲ್ ಆಡ್ತಾಳ್ರಿ. ಕೆಳಗಿಂದ ಬೀಸಿ ಎಸೆಯೋದು, ಅದಕ್ಕ ಏನೂ ಆಗಂಗಿಲ್ಲ ಅಂತಾರಲ್ಲ?" ಅಂದರು. ಹಾಗೆ ಅನ್ನುವವರು ಬಹಳ ಜನ. ಗಾಣದ ಹಾಗೆ ಕೈ ಸುತ್ತಿಸಿ ಎಸೆಯುವಾಗ ಭುಜದ ಮುಂಭಾಗ, ಬೈಸೆಪ್ಸ್ ಮೇಲೆ ಜೋರಾದ ಎಳೆತ ಬೀಳುತ್ತದೆ. ಮೊಣಕೈ ಬಚಾವಾಗಬಹುದು, ಭುಜ ಅಲ್ಲ. ಹುಡುಗಿಯರಿಗೂ ಎಣಿಕೆ ಬೇಕು, ರಜೆ ಬೇಕು. ಒಬ್ಬಳೇ ಹುಡುಗಿಯಿಂದ ಇಡೀ ಕೂಟ ಎಸೆಸುವುದು ಅಲ್ಲೇ ಜಾಸ್ತಿ.

ಕ್ರಿಕೆಟ್ ಕೋಚ್ ಒಬ್ಬರು ವೇಗದ ಬೌಲರ್‌ಗಳ ಬಗ್ಗೆ ಕೇಳಿದರು. ಅಲ್ಲಿ ಕೈ ಮಡಚಿ ಎಸೆಯುವ ಹಾಗಿಲ್ಲ, ಹಾಗಾಗಿ ಭಾರ ಸೊಂಟದ ಬೆನ್ನೆಲುಬಿಗೆ ಹೋಗುತ್ತದೆ. ಬುಮ್ರಾ 2023ರ ಮಾರ್ಚ್‌ನಲ್ಲಿ ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಆಗಸ್ಟ್‌ನಲ್ಲಿ ಮರಳಿದ್ದು ನಿಮಗೆ ನೆನಪಿದೆ. ಜಾಗ ಬೇರೆ, ಲೆಕ್ಕ ಒಂದೇ.

ಪ್ರೋಟೀನ್ ಪುಡಿ ಬಗ್ಗೆಯೂ ಪ್ರಶ್ನೆ ಬಂತು. ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ಮೊಟ್ಟೆ. ಇದನ್ನು ಹೊಟ್ಟೆ ತುಂಬ ತಿಂದು ರಾತ್ರಿ ಎಂಟೊಂಬತ್ತು ತಾಸು ಮಲಗುವ ಹುಡುಗನಿಗೆ ಡಬ್ಬಿ ಬೇಡ. ಮಲಗಲು ಮೊಬೈಲ್ ಬಿಡಬೇಕಲ್ಲ, ಅದು ಬೇರೆ ಮಾತು.

ಕೊನೆಗೆ ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಒಬ್ಬ ಹುಡುಗ ಹತ್ತಿರ ಬಂದ. "ಸರ್, ನಂದೂ ಒಳಗ ಒಂದೀಟು ಹಿಡಿದಂಗ ಆಗ್ತೈತ್ರಿ. ಯಾರಿಗೂ ಹೇಳಿಲ್ರಿ, ತಂಡದಾಗಿಂದ ತಗೀತಾರ" ಅಂದ. ನಾನು ಚಹಾದ ಕಪ್ ಕೆಳಗಿಟ್ಟೆ. ಎರಡೂ ಕೈ ಚಾಚಪ್ಪಾ, ಅಂಗೈ ಮೇಲೆ ಮಾಡು ಅಂದೆ. ಅವನ ಹಿಂದೆ ನಿಂತಿದ್ದ ಇಬ್ಬರು ಹುಡುಗರೂ, ಯಾರೂ ಹೇಳದೆಯೇ, ತಮ್ಮ ತಮ್ಮ ಕೈ ಚಾಚಿ ನೋಡಿಕೊಳ್ಳತೊಡಗಿದರು.